ಕುದ್ರುವಿನ ಬಾವಿಯ ಕಪ್ಪು ಕಲ್ಲು

ಕುಂದಾಪುರದ ಉಪ್ಪುಹೊಳೆ ನಡುವಿನ ಕುದ್ರುವಿನಲ್ಲಿ, ಅಂದರೆ ಪುಟ್ಟ ನಡುಗಡ್ಡೆಯಲ್ಲಿ, ನಮ್ಮ ಮನೆ. ಬೇಸಿಗೆಯಲ್ಲಿ ನೀರು ಇಳಿದು ಬಾವಿಯೊಳಗಿನ ಕಪ್ಪು ಕಲ್ಲು ಕಂಡರೆ ಅಮ್ಮ ಹಗ್ಗ ಸುತ್ತಿಡುತ್ತಿದ್ದಳು. ಮತ್ತೆ ನೀರು ಸೇದುವುದು ಮರುದಿನವೇ. ಇದೆಂಥ ಜಿಪುಣತನವೆಂದು ನಾನು ಪಂಪು ಕೂರಿಸಿದೆ. ವಾರದೊಳಗೆ ಚಹಾ ಉಪ್ಪಾಯಿತು.

ಮೊನ್ನೆ ಅಕ್ಕನ ಜೊತೆ ಭಾವ ಬಂದಿದ್ದರು. ದೂರದ ದ್ವೀಪವೊಂದರ ಅಡಿಯಲ್ಲಿ ಬಂಡೆ ಕೊರೆದು ಕಚ್ಚಾತೈಲ ತುಂಬಿಡುವಲ್ಲಿ ಅವರಿಗೆ ಕೆಲಸ. ಬರೀ ಬಂಡೆಯೊಳಗೆ ಎಣ್ಣೆ ಸೋರದೆ ನಿಲ್ಲುವುದು ಹೇಗೆ ಎಂದು ಕೇಳಿದೆ. ಬಂಡೆಯ ಬಿರುಕುಗಳಲ್ಲಿರುವ ಸಿಹಿನೀರು ಸುತ್ತಲಿಂದ ಒತ್ತಿ ಹಿಡಿಯುತ್ತದಂತೆ. ಅದರ ಮಟ್ಟ ಇಳಿದರೆ ಸಮುದ್ರದ ನೀರು ನುಗ್ಗಿ ಪಂಪು, ಕೊಳವೆಗಳನ್ನೆಲ್ಲ ತಿನ್ನುತ್ತದಂತೆ.

"ಆ ನೀರ್ ನೋಡ್ಕಂಬುಕೆ ಎಷ್ಟ್ ಜನ ಇದ್ರ್?" ಅಮ್ಮ ಕೇಳಿದಳು.

ಪಾಳಿಗೆ ಎಂಟು ಮಂದಿ ಎಂದರು ಭಾವ.

ಅಮ್ಮ ನನ್ನ ಕಡೆ ತಿರುಗಿದಳು. "ಇಲ್ಲ್ ನಾನೊಬ್ಳೇ ನೋಡ್ಕಂತಿದ್ದೆ. ನೀ ಬಿಡ್ಲಿಲ್ಲ."