ಪೂಜೆಗಿಟ್ಟ ಪಾನಾ

ಕಂಪ್ಲಿಯ ಜಂಬಪ್ಪ ಯಾರನ್ನು ಬೇಕಾದರೂ ನಂಬುತ್ತಿದ್ದ, ಡೀಸೆಲ್ಲನ್ನು ಮಾತ್ರ ನಂಬುತ್ತಿರಲಿಲ್ಲ. ಅದಿರಿನ ಲಾರಿ ಓಡಿಸಿ ಓಡಿಸಿ ಬಂದ ಬುದ್ಧಿ ಅದು. ಗಣಿಯ ಮೇಲೆ ಬ್ಯಾರೆಲ್ಲುಗಳಲ್ಲಿಟ್ಟ ಡೀಸೆಲ್ಲಿಗೆ ಮಳೆನೀರು, ಕೆಂಪು ಧೂಳು, ಇನ್ನೂ ಏನೇನೋ ಸೇರಿ, ಘಾಟಿಯ ಏರಿನಲ್ಲಿ ಗಾಡಿಗಳು ಉಸಿರುಗಟ್ಟಿ ನಿಲ್ಲುವುದನ್ನು ಅವನು ಬೇಕಾದಷ್ಟು ನೋಡಿದ್ದ. ಹಾಗಾಗಿ ಸಂಡೂರಿನ ಗಣಿ ಗುತ್ತಿಗೆದಾರ ವಿರೂಪಾಕ್ಷಪ್ಪ ತನ್ನ ಹೊಸ ಮನೆಗಾಡಿಗೆ ಅವನನ್ನು ಡ್ರೈವರ್ ಮಾಡಿಕೊಂಡಾಗ, ಸಂಬಳದ ಮಾತಿಗೂ ಮೊದಲು ಜಂಬಪ್ಪ ಫಿಲ್ಟರಿನ ಮಾತೆತ್ತಿದ.

"ಸಾವ್ಕಾರ್ರ, ಬರೇ ಫಿಲ್ಟರ್ ಸಾಲಂಗಿಲ್ರಿ. ಅದರ ಕೆಳಗ ನೀರು ಇಳಿಯೋ ಬಟ್ಲಾ ಒಂದು ಕೂಡಸ್ರಿ. ಡೀಸೆಲ್ ಮ್ಯಾಲೆ ನಿಲ್ತೈತಿ, ನೀರು ಕೆಳಗ ಇಳಿತೈತಿ. ದಿನಾ ಮುಂಜಾನೆ ನಾನು ಬಿಟ್ಟು ಚೆಲ್ತೀನಿ."

ಅದು ಅದಿರಿನ ದುಡ್ಡು ಹುಚ್ಚುಹೊಳೆಯಾಗಿ ಹರಿಯುತ್ತಿದ್ದ ಕಾಲ. ಒಬ್ಬೊಬ್ಬರು ಒಂದೊಂದು ಚಟಕ್ಕೆ ಬಿದ್ದಿದ್ದರು. ವಿರೂಪಾಕ್ಷಪ್ಪನದು ಚಟವಲ್ಲ, ಸಂಕಟ. ಅವನ ತಾಯಿ ಚೆನ್ನಬಸಮ್ಮನಿಗೆ ದಮ್ಮು. ಮನೆಯ ಮುಂದಿನ ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿಗಳು ಓಡಿ, ತುಳಸಿಕಟ್ಟೆಯಿಂದ ಹಿಡಿದು ಊಟದ ತಟ್ಟೆಯವರೆಗೆ ಎಲ್ಲ ಕೆಂಪಾಗಿತ್ತು. ಊರು ಬಿಟ್ಟು ಬರುವುದಿಲ್ಲವೆಂದು ಮುದುಕಿಯ ಹಠ. ಮಗ ಬಸ್ಸಿನೊಳಗೆ ಮಂಚ, ಒಲೆ, ಕಕ್ಕಸು, ಎ.ಸಿ. ಎಲ್ಲ ಕೂಡಿಸಿ ಅದನ್ನೇ ಮನೆ ಮಾಡಿದ. ಧೂಳೆದ್ದ ದಿನ ಜಂಬಪ್ಪ ಆಕೆಯನ್ನು ಟಿ.ಬಿ. ಡ್ಯಾಮಿನ ಕಡೆ ಒಯ್ದು ಹಿನ್ನೀರಿನ ದಂಡೆಯಲ್ಲಿ ಗಾಡಿ ನಿಲ್ಲಿಸುತ್ತಿದ್ದ. ಆಕೆ ಸಂಜೆವರೆಗೆ ಕಿಟಕಿಯ ಬಳಿ ಕೂತು ಒಳ್ಳೆಯ ಗಾಳಿ ಕುಡಿಯುತ್ತಿದ್ದಳು. ತಾಯಿಯ ಉಸಿರು ಕೆಡಿಸಿದ ದುಡ್ಡಿನಿಂದಲೇ ತಾಯಿಗೆ ಉಸಿರು ಕೊಳ್ಳುವ ಈ ವ್ಯವಹಾರ ಯಾರಿಗೂ ವಿಚಿತ್ರವೆನಿಸಲಿಲ್ಲ.

ಜಂಬಪ್ಪ ಹೇಳಿದಂತೆ ಕೂಡಿಸಿದ ಬಟ್ಟಲಿನ ತಿರುಪಿನ ಹಿಡಿ ಮುರಿದಿದ್ದರಿಂದ ಅದನ್ನು ಬಿಚ್ಚಲು ಸಣ್ಣದೊಂದು ಪಾನಾ, ಅಂದರೆ ಸ್ಪ್ಯಾನರ್, ಬೇಕಾಗುತ್ತಿತ್ತು. ಅದನ್ನು ಜಂಬಪ್ಪ ಸೀಟಿನ ಕೆಳಗೇ ಇಟ್ಟುಕೊಂಡಿರುತ್ತಿದ್ದ. ಪ್ರತಿ ಮುಂಜಾನೆ ನೀರು ಬಿಡುವಾಗ ಚೆನ್ನಬಸಮ್ಮ ಮೇಲಿನಿಂದ ಕೂಗುತ್ತಿದ್ದಳು.

"ಏನಪ್ಪಾ, ಇವತ್ತು ನಿನ್ನ ಗಾಡಿ ಎಷ್ಟು ನೀರು ಕುಡಿದಿತ್ತು?"

"ನಿಮಗಿಂತ ಹೆಚ್ಚು ಕುಡಿದೈತ್ರಿ ಅವ್ವಾರ. ನೀವೂ ಒಂದೀಟು ಕುಡೀರಿ."

ಹಡೆದವ್ವ ತೀರಿಹೋಗಿದ್ದ ಜಂಬಪ್ಪನಿಗೆ ಆ ಮುದುಕಿಯ ಮೇಲೆ ಜೀವ.

ಆ ವರ್ಷದ ಮಹಾನವಮಿ ಬಂತು. ಆಯುಧಪೂಜೆಯ ದಿನ ಸಂಡೂರಿನಲ್ಲಿ ಗಾಡಿಗಳೆಲ್ಲ ನಿಂತುಬಿಡುತ್ತವೆ. ಪಾನಾ, ಸುತ್ತಿಗೆ, ಜಾಕು ಎಲ್ಲ ದೇವರ ಮುಂದೆ ಕೂತು ಕುಂಕುಮ ಹಚ್ಚಿಸಿಕೊಳ್ಳುತ್ತವೆ. ಮರುದಿನದವರೆಗೆ ಅವನ್ನು ಯಾರೂ ಮುಟ್ಟುವುದಿಲ್ಲ. ಜಂಬಪ್ಪ ಮುಂಜಾನೆ ಎದ್ದವನೇ ಬಟ್ಟಲಿನ ನೀರು ಬಿಟ್ಟ, ಆಮೇಲೆ ಜೋರು ಪೈಪು ಹಿಡಿದು ಗಾಡಿ ತೊಳೆದ. ಡೀಸೆಲ್ ಟ್ಯಾಂಕಿನ ಮುಚ್ಚಳದ ರಬ್ಬರು ಸೀಳಿಹೋಗಿದ್ದುದು ಹಬ್ಬದ ಗಡಿಬಿಡಿಯಲ್ಲಿ ಅವನ ಕಣ್ಣಿಗೆ ಬೀಳಲಿಲ್ಲ. ಬಾಳೆಕಂದು ಕಟ್ಟಿದ, ಚೆಂಡುಹೂ ಏರಿಸಿದ. ಸೀಟಿನ ಕೆಳಗಿನ ಪಾನಾ ಮಾತ್ರ ಅಲ್ಲೇ ಇರಲಿ ಎಂದು ಬಿಟ್ಟ. ಚೆನ್ನಬಸಮ್ಮ ಅದನ್ನು ನೋಡಿದಳು.

"ಅದೊಂದ ಯಾಕಪ್ಪ ಪೂಜಿ ಇಲ್ದಂಗ ಇರಬೇಕು? ದಿನಾ ದುಡಿಯೋದು ಅದ. ಒಯ್ದು ಇಡು."

"ಇದು ಗಾಡ್ಯಾಗ ಇರಲ್ರಿ ಅವ್ವಾರ."

"ಇವತ್ತು ಎಲ್ಲಿಗೆ ಹೊಂಟೀವಿ? ಇಡು ಹೋಗು."

ಜಂಬಪ್ಪ ಇಟ್ಟ.

ಮಧ್ಯಾಹ್ನ ಊರ ತುಂಬ ಧೂಪ, ಕರ್ಪೂರದ ಹೊಗೆ. ಚೆನ್ನಬಸಮ್ಮನಿಗೆ ಉಸಿರು ಹತ್ತಿಕೊಂಡಿತು. ಮಗ ಗಣಿಯ ಪೂಜೆಗೆಂದು ಕಾರು ತೆಗೆದುಕೊಂಡು ಗುಡ್ಡ ಹತ್ತಿದ್ದ, ಫೋನ್ ಸಿಗಲಿಲ್ಲ. ಊರಿನ ಡಾಕ್ಟರು ತಡಮಾಡದೆ ಹೊಸಪೇಟೆಗೆ ಒಯ್ಯಿರಿ ಎಂದರು. ಸೊಸೆ ಸುನಿತಾ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗಾಡಿಯಲ್ಲಿ ಕೂತಳು. ಜಂಬಪ್ಪ ಗಾಡಿ ಬಿಟ್ಟ. ದಿನವೂ ಲಾರಿಗಳು ಗಿಜಿಗುಡುವ ರಸ್ತೆ ಅಂದು ಖಾಲಿ ಹೊಡೆಯುತ್ತಿತ್ತು. ದೇವರೇ ದಾರಿ ಬಿಟ್ಟ ಎಂದುಕೊಂಡ ಅವನು.

ಘಾಟಿಯ ಏರಿನಲ್ಲಿ ಎಂಜಿನ್ ಎರಡು ಸಲ ಜಗ್ಗಿ ನಿಂತಿತು.

ಇಳಿದು ನೋಡಿದರೆ ಬಟ್ಟಲು ತುಂಬ ನೀರು. ಇಂಥದ್ದನ್ನು ಅವನು ಕಣ್ಣು ಮುಚ್ಚಿ ಸರಿಮಾಡುತ್ತಿದ್ದ. ನೀರು ಚೆಲ್ಲಿ, ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆದರೆ ಮುಗಿಯಿತು. ಕೈ ಸೀಟಿನ ಕೆಳಗೆ ಹೋಯಿತು, ಖಾಲಿ. ಬೆರಳಲ್ಲಿ ತಿರುವಿದ, ಕಲ್ಲಿನಿಂದ ಬಡಿದ, ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದ. ಅವನ ತುಟಿಯಿಂದ ರಕ್ತ ಬಂತೇ ಹೊರತು ತಿರುಪು ಅಲುಗಲಿಲ್ಲ. ಬೈಕಿನಲ್ಲಿ ಹೊರಟಿದ್ದ ಇಬ್ಬರನ್ನು ತಡೆದು ಪಾನಾ ಕೇಳಿದ. ಇವತ್ತು ಯಾರ ಹತ್ತಿರ ಇರುತ್ತದೆ ಎಂದರು ಅವರು. ಬಹಳ ಹೊತ್ತಿನ ಮೇಲೆ ಹೂವಿನ ಹಾರ ಹಾಕಿಕೊಂಡ ಅದಿರಿನ ಲಾರಿಯೊಂದು ಖಾಲಿ ಬಂತು.

"ಅಣ್ಣಾ, ಒಂದು ಪಾನಾ ಕೊಡೋ, ನಿನ್ನ ಕಾಲಿಗೆ ಬೀಳ್ತೀನಿ."

"ನಮ್ದೂ ಪೂಜಿಗೆ ಇಟ್ಟೀವಪ್ಪ. ಮುದುಕಿ ಮಕ ನೋಡು. ಪಾನಾ ಏನ್ ಮಾಡ್ತಿ, ಎತ್ತು ಜಲ್ದಿ ಲಾರ್‍ಯಾಗ!"

ಎತ್ತಿದರು. ಯಾವ ಲಾರಿಗಳ ಧೂಳಿಗೆ ಹೆದರಿ ಚೆನ್ನಬಸಮ್ಮ ಮನೆ ಬಿಟ್ಟು ಓಡಾಡಿದಳೋ, ಅಂಥದೇ ಲಾರಿಯ ಕ್ಯಾಬಿನ್ನಿನಲ್ಲಿ, ಹೊಸಪೇಟೆ ಕಣ್ಣಿಗೆ ಬೀಳುವ ಮೊದಲೇ, ಆಕೆಯ ಉಸಿರು ನಿಂತಿತು. ಜಂಬಪ್ಪ ಆಕೆಯ ಅಂಗೈ ತಿಕ್ಕುತ್ತಲೇ ಇದ್ದ. ಸುನಿತಾ ಅವನ ಕೈಯನ್ನು ಬಿಡಿಸಬೇಕಾಯಿತು.

ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಆಡಿದರು. ನವಮಿಯಂಥ ದಿನ ಶಿವನ ಪಾದ ಸೇರಿದಳು, ಪುಣ್ಯವಂತೆ. ಆ ಮಾತು ಕೇಳಿದಾಗಲೆಲ್ಲ ಜಂಬಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಒಂದು ಲೋಟ ನೀರಿಗೆ ಹೋದ ಜೀವ ಅದು ಎಂದು ಅವನಿಗೊಬ್ಬನಿಗೇ ಗೊತ್ತು. ಕಾರ್ಯಗಳೆಲ್ಲ ಮುಗಿದ ಮೇಲೆ ತಡೆಯಲಾರದೆ ವಿರೂಪಾಕ್ಷಪ್ಪನ ಮುಂದೆ ಹೋಗಿ ನಿಂತ.

"ಸಾವ್ಕಾರ್ರ, ಟ್ಯಾಂಕ್‌ನ್ಯಾಗ ನೀರು ಹೋಗಿತ್ರಿ. ತೊಳೆದಾವ ನಾನಾ. ಕೈಯಾಗ ಪಾನಾ ಇದ್ದಿದ್ರ ಅವ್ವಾರು ಉಳೀತಿದ್ರು."

ವಿರೂಪಾಕ್ಷಪ್ಪ ಕೂತಲ್ಲಿಂದ ಎದ್ದ.

"ಆ ಪಾನಾ ಯಾವತ್ತೂ ಗಾಡ್ಯಾಗ ಇರ್ತಿತ್ತಲ್ಲೋ. ಪೂಜಿಗೆ ಇಡು ಅಂದೋರು ಯಾರು?"

ಜಂಬಪ್ಪ ತಲೆ ಎತ್ತಿದ. ಗೋಡೆಯ ಮೇಲೆ ಚೆನ್ನಬಸಮ್ಮನ ಫೋಟೊ, ಹಾರ ಇನ್ನೂ ಬಾಡಿರಲಿಲ್ಲ. ನಿನ್ನ ತಾಯಿಯ ಮಾತೇ ಅವಳ ಜೀವಕ್ಕೆ ಮುಳುವಾಯಿತು ಎಂದು ಮಗನಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಯಾರೂ ಅನ್ಲಿಲ್ರಿ," ಎಂದ. "ನಾನಾ ಇಟ್ಟೆ."

"ನನ್ನ ಕಣ್ಣಿಗೆ ಬೀಳಬ್ಯಾಡ ಹೋಗು," ಎಂದು ವಿರೂಪಾಕ್ಷಪ್ಪ ಮುಖ ತಿರುಗಿಸಿದ.

ಜಂಬಪ್ಪ ಗಾಡಿಯ ಕೀಲಿಯನ್ನು ಕಟ್ಟೆಯ ಮೇಲಿಟ್ಟು, ಬಸ್‌ಸ್ಟ್ಯಾಂಡಿನ ಕಡೆ ನಡೆದ.