ರೊಟ್ಟಿ ಕೊಂಡವರ ಪಟ್ಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಸುಳ್ಳಲ್ಲ. ಕಳೆದ ಪಂಚಮಿಯ ಹೊತ್ತಿಗೆ ಆ ಸಿಟ್ಟು ವಿಜಯಪುರದ ನಮ್ಮ ಇಡೀ ಕಾಲೊನಿಯ ಮೇಲೆ ತಿರುಗಿತ್ತು, ಅದೂ ರೊಟ್ಟಿಯ ಸಲುವಾಗಿ.

ತಿಕೋಟಾದಲ್ಲಿರುವ ನನ್ನ ಅಕ್ಕ ನಾಲ್ವರು ಹೆಂಗಸರನ್ನು ಜೊತೆಗಿಟ್ಟುಕೊಂಡು ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಅವರ ರೊಟ್ಟಿಯನ್ನೆಲ್ಲ ಕೊಳ್ಳುತ್ತಿದ್ದ ಖಾನಾವಳಿ ಮುಚ್ಚಿಹೋಗಿ, ತಿಂಗಳಿಂದ ಐದೂ ಜನ ಖಾಲಿ ಕುಳಿತಿದ್ದರು. ಆಗ ನಾನೇ ಫೋನಿನಲ್ಲಿ ಒಂದು ಆ್ಯಪ್ ಹುಡುಕಿದೆ. ಒಂದೇ ಬಡಾವಣೆಯ ಮೂವತ್ತು ಮನೆಯವರು ಕೂಡಿ ಕೊಂಡರೆ ಎಲ್ಲರಿಗೂ ರಿಯಾಯಿತಿ, ಮಾರುವವರಿಗೆ ಮುಂದೆ ವಾರವಾರವೂ ಆರ್ಡರು. ಒಂದು ಮನೆ ಕಡಿಮೆ ಬಿದ್ದರೂ ಎಲ್ಲ ರದ್ದು.

"ಹಬ್ಬದ ವಾರದಾಗ ನಿಮ್ಮ ರೊಟ್ಟಿ ಇದರಾಗ ಇಡೂಣು" ಎಂದೆ.

ಅಕ್ಕ ಹಣೆ ಬಡಿದುಕೊಂಡಳು. "ರೊಟ್ಟಿ ಹಬ್ಬದಾಗ ರೊಟ್ಟಿ ಯಾರ್ ಕೊಳ್ತಾರ ಬೇ? ಎಲ್ಲಾರೂ ಮನ್ಯಾಗ ಬಡದು ಬೀರತಾರ."

ಅವಳು ಹೇಳಿದ್ದು ಸರಿಯೇ. ಪಂಚಮಿಗೆ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಪಲ್ಯ, ಚಟ್ನಿ ಇಟ್ಟು ಅಕ್ಕಪಕ್ಕದ ಮನೆಗಳಿಗೆಲ್ಲ ಬೀರಬೇಕು. ಆದರೆ ತೊರವಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಹೇಳಿ ಎಲ್ಲ ನನಗೇ ಗೊತ್ತೆಂಬ ರೂಢಿ ನನಗೆ. "ನಮ್ಮ ಕಾಲೊನ್ಯಾಗ ಹೆಣಮಕ್ಕಳೆಲ್ಲಾ ಡ್ಯೂಟಿಗೆ ಹೋಗಾವ್ರು, ಬಡಿಯಾಕ ಟೈಮ್ ಎಲ್ಲೈತಿ? ಸುಮ್ನಿರು ನೀ" ಎಂದು ಅವಳ ಬಾಯಿ ಮುಚ್ಚಿಸಿದೆ. ಪಾಪ, ನನ್ನ ಮಾತು ನಂಬಿ ಅವರು ಮೂವತ್ತು ಮನೆಗಾಗುವಷ್ಟು ರೊಟ್ಟಿ ಬಡಿದು, ಒಣಗಿಸಿ, ಕಟ್ಟಿಟ್ಟರು.

ಗುರುವಾರ ಸಂಜೆ ಆರಕ್ಕೆ ಗಡುವು. ಬುಧವಾರ ನೋಡಿದರೆ ಪಟ್ಟಿಯಲ್ಲಿ ಆರೇ ಹೆಸರು! ಆರೂ ಬಾಡಿಗೆ ಕೋಣೆಗಳಲ್ಲಿ ಒಬ್ಬೊಬ್ಬರೇ ಇರುವ ಗಂಡಸರದು. ಒಬ್ಬ ಹೆಂಗಸಿನ ಹೆಸರೂ ಇಲ್ಲ. ಅಕ್ಕ ಫೋನಿನಲ್ಲಿ, "ಇದೂ ಆಗ್ಲಿಲ್ಲಂದ್ರ ನಾಕೂ ಮಂದಿಗಿ ಬ್ಯಾರೆ ಕೆಲಸ ನೋಡ್ಕೋರಿ ಅಂತೇನಿ" ಎಂದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗುರುವಾರ ಶಾಲೆಯಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಪಕ್ಕದ ಮನೆಯ ನರ್ಸಮ್ಮನ ಬಾಗಿಲು ಬಡಿದೆ. "ಏನ್ರಿ, ಇಷ್ಟು ಸಸ್ತಾ ಐತಿ, ಒಂದ್ ಹೆಸರ ಹಾಕಾಕ ನಿಮಗೇನ್ ಧಾಡಿ?" ಎಂದು ಶುರುಮಾಡಿದೆ. ಆಕೆ ಫೋನು ತೆಗೆದು ಆ ಪಟ್ಟಿಯನ್ನೇ ನನ್ನ ಮುಂದೆ ಹಿಡಿದರು.

"ಟೀಚರ್, ಅದರಾಗ ಕೊಂಡವ್ರ ಹೆಸರೆಲ್ಲಾ ಎಲ್ಲಾರಿಗೂ ಕಾಣತೈತಿ. ರೊಟ್ಟಿ ಹಬ್ಬದಾಗ ರೊಟ್ಟಿ ಕೊಂಡ್ಳು ಅಂತ ಕಾಲೊನಿಗೆಲ್ಲಾ ಡಂಗುರ ಹೊಡಿಸಿಕೋಬೇಕೇನ್ರಿ? ಅಂಗಡ್ಯಾಗ ಹೋಗಿ ಸದ್ದಿಲ್ಲದ ತಂದ್ರ ಮುಗೀತು." ಪಟ್ಟಿಯ ಮೇಲೆ ಬೆರಳಾಡಿಸುತ್ತ ಕೇಳಿದರು, "ಅದಿರ್ಲಿ, ನಿಮ್ಮ ಹೆಸರ ಎಲ್ಲೈತ್ರಿ?"

ಇರಲಿಲ್ಲ, ನನ್ನ ಹೆಸರೂ ಇರಲಿಲ್ಲ! ಪ್ರತಿ ವರ್ಷ ಅಕ್ಕನ ರೊಟ್ಟಿಯನ್ನು ಚೀಲದಲ್ಲಿ ಮುಚ್ಚಿಕೊಂಡು ತಂದು, ನಾನೇ ಬಡಿದೆನೆಂದು ಬೀರುವವಳು ನಾನು. ಈ ಸಲವೂ ಅದನ್ನೇ ಮಾಡುವವಳಿದ್ದೆ. ಎಂಥ ನಾಚಿಕೆಗೇಡು! ಮನೆಗೆ ಬಂದು ಮೊದಲು ನನ್ನ ಹೆಸರು ಹಾಕಿದೆ. ಆಮೇಲೆ ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ನನಗ ರೊಟ್ಟಿ ಬಡಿಯಾಕ ಬರಂಗಿಲ್ಲ. ಇಷ್ಟ ವರ್ಷ ನಿಮಗ ಬೀರಿದ್ದು ತಿಕೋಟಾದ ನಮ್ಮಕ್ಕನ ರೊಟ್ಟಿ. ಈಗ ಆ್ಯಪಿನ್ಯಾಗ ನನ್ನ ಹೆಸರು ಐತಿ, ಎಲ್ಲಾರೂ ನೋಡ್ರಿ."

ಐದು ನಿಮಿಷಕ್ಕೆ ಪಟ್ಟಿಯಲ್ಲಿ ನರ್ಸಮ್ಮನ ಹೆಸರು ಬಂತು. ಅದರ ಬೆನ್ನಿಗೆ ಕೋರ್ಟಿನ ಗುಮಾಸ್ತೆಯದು, ಮೂಲೆಮನೆಯ ಅತ್ತೆ ಸೊಸೆಯದು. ನೋಡನೋಡುತ್ತ ಪಟ್ಟಿ ಬೆಳೆಯಿತು. "ನಮ್ಮದೂ ಅದ ಕಥಿ" ಎಂದು ಒಬ್ಬೊಬ್ಬರೇ ಒಪ್ಪಿಕೊಳ್ಳತೊಡಗಿದರು. ನಾನು ಒಬ್ಬಳೇ ಕುಳಿತು ಗಟ್ಟಿಯಾಗಿ ನಗುತ್ತಿದ್ದೆ.

ಆರಕ್ಕೆ ಹತ್ತು ನಿಮಿಷವಿದ್ದಾಗ ಇಪ್ಪತ್ತೊಂಬತ್ತಕ್ಕೆ ನಿಂತುಬಿಟ್ಟಿತು. ಅಷ್ಟರಲ್ಲಿ ಎದುರುಮನೆಯ ದೊಡ್ಡವ್ವ ಫೋನು ಹಿಡಿದುಕೊಂಡು ಗೇಟಿನಲ್ಲಿ ನಿಂತರು. ಬಬಲೇಶ್ವರದ ಕಡೆಯವರು. ಅವರ ತೆಳು ರೊಟ್ಟಿಯನ್ನು ಹೊಗಳದವರು ನಮ್ಮ ಕಾಲೊನಿಯಲ್ಲಿಲ್ಲ.

"ಇದನ್ನ ಎಲ್ಲಿ ಒತ್ತಬೇಕ ತೋರಸವ್ವಾ" ಎಂದರು.

"ದೊಡ್ಡವ್ವಾ, ನಿಮಗ್ಯಾಕ ಬೇಕ್ರಿ?"

"ಮೊಣಕೈ ಹೋಗಿ ಮೂರ್ ವರ್ಷ ಆತು. ಸೊಸಿ ಅಂಗಡ್ಯಾಗಿಂದ ತರತಾಳ. ನೀವೆಲ್ಲಾ ನನ್ನ ರೊಟ್ಟಿ ಅಂತ ಹೊಗಳಾಕತ್ತೀರಿ, ನನಗ ತುತ್ತು ಇಳಿವಲ್ದು."

ಅವರ ಬೆರಳು ಹಿಡಿದು ನಾನೇ ಒತ್ತಿಸಿದೆ. ಮೂವತ್ತು! ಅಕ್ಕನಿಗೆ ಫೋನು ಮಾಡಿದರೆ ಮಾತೇ ಕೇಳಿಸಲಿಲ್ಲ, ಆ ಕಡೆ ನಾಲ್ವರೂ ಹೋ ಎಂದು ಕೂಗುತ್ತಿದ್ದರು.

ಮರುದಿನ, ಮನೆಯಲ್ಲಿ ಕೂರಲಾರದೆ, ರೊಟ್ಟಿ ತಂದ ಗಾಡಿಯನ್ನೇ ಹತ್ತಿ ಅಕ್ಕನೂ ಬಂದಿದ್ದಳು. ಸಂಜೆ ಕಾಲೊನಿಯ ಹೆಂಗಸರು ತಟ್ಟೆಗಳಲ್ಲಿ ರೊಟ್ಟಿ ಹಿಡಿದು ಮನೆಯಿಂದ ಮನೆಗೆ ಹೊರಟರು. ಎಲ್ಲರ ತಟ್ಟೆಯಲ್ಲೂ ಅದೇ ರೊಟ್ಟಿ, ಪಲ್ಯ ಮಾತ್ರ ಬೇರೆ. ಅದನ್ನೇ ಕೊಟ್ಟು ಅದನ್ನೇ ಇಸಿದುಕೊಂಡು ಬಿದ್ದು ಬಿದ್ದು ನಕ್ಕೆವು. ದೊಡ್ಡವ್ವ ನೇರ ನಮ್ಮ ಮನೆಗೇ ಬಂದು ಅಕ್ಕನ ಮುಂದೆ ತಟ್ಟೆ ಹಿಡಿದರು.

"ತಗೋವ್ವಾ, ನಮ್ಮ ಮನಿ ರೊಟ್ಟಿ."

ಅಕ್ಕ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. "ಎಷ್ಟ್ ಚಂದ ಬಡದೀರಿ ದೊಡ್ಡವ್ವಾ! ನನಗೂ ಒಂದಿಷ್ಟು ಕಲಸ್ತೀರೇನು?"

ದೊಡ್ಡವ್ವ ಸೋಲುವವರಲ್ಲ. "ಹೆಂಗೂ ಇನ್ನ ವಾರಾವಾರಾ ಬರಾಕಿ ಅದಿಯಲ್ಲ, ಬಾ, ಕಲಸ್ತೇನಿ" ಎಂದರು.