ಬೆಳಕಿಗೆ ಓಣಿ ಕೇರಿ ಗೊತ್ತಿಲ್ಲ

ಹರಪನಹಳ್ಳಿಯ ಕಾಲೇಜಿನಲ್ಲಿ ನನಗೆ ಫಿಜಿಕ್ಸ್ ಕಲಿಸಿದ ಮೇಡಂ ನಮ್ಮೂರಿನ ದಲಿತರ ಕೇರಿಯವರೇ. ಮಾತಿಗೊಮ್ಮೆ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, "ಬೆಳಕಿಗೆ ಓಣಿ ಕೇರಿ ಗೊತ್ತಿಲ್ರಿ" ಅನ್ನುತ್ತಿದ್ದರು.

ನಮ್ಮೂರಿನಲ್ಲಿ ಬೇಸಿಗೆ ಬಂದರೆ ಟ್ಯಾಂಕಿನ ನೀರು ಮೊದಲು ಯಾರಿಗೆ ಎಂದು ವಾರಕ್ಕೊಮ್ಮೆ ಚೀಟಿ ಎತ್ತುತ್ತಿದ್ದರು. ಚೀಟಿ ಮಡಚುವವರು ನಮ್ಮ ಓಣಿಯ ಹಿರಿಯರು. ನೀರೂ ಬಹಳ ಮಟ್ಟಿಗೆ ನಮ್ಮ ಓಣಿಗೇ. ಒಂದು ವಾರ ಮೇಡಂ ತಾವೇ ಜೋಡಿಸಿದ ಪೆಟ್ಟಿಗೆಯೊಂದನ್ನು ತಂದು ಬೇವಿನಕಟ್ಟೆಯ ಮೇಲಿಟ್ಟರು. ಗುಂಡಿ ಒತ್ತಿದರೆ ಬೆಳಕಿನ ಒಂದೇ ಒಂದು ಕಣ ಅರೆಗನ್ನಡಿಗೆ ಬಡಿಯುತ್ತದೆ. ದಾಟಿದರೆ ಓಣಿಗೆ ನೀರು, ಹಿಂದಿರುಗಿದರೆ ಕೇರಿಗೆ. ಯಾವುದಾಗುತ್ತದೆಂದು ಜೋಡಿಸಿದವರಿಗೂ ಮೊದಲೇ ತಿಳಿಯದು. ಹಿರಿಯರು ನಕ್ಕು ಒಪ್ಪಿದರು.

ಸಾಲಾಗಿ ನಾಲ್ಕು ವಾರ ಕೇರಿಗೇ ಬಿತ್ತು.

"ನಿನ್ನ ಮಷಿನ್ ನಿಮ್ಮ ಕಡೀಗೇ ಐತಿ ಬಿಡವ್ವ" ಎಂದು ಹಿರಿಯರು ರೇಗಿದರು.

"ಇಷ್ಟು ವರ್ಷ ಚೀಟಿ ನಿಮಗ ಬೀಳ್ತಿತ್ತಲ್ರಿ. ಅವಾಗ ದೇವ್ರ ಇಚ್ಛಾ ಅಂತಿದ್ರಿ."

"ಅದೆಲ್ಲ ಬ್ಯಾಡ. ಒಂದು ವಾರ ನಮಗ, ಒಂದು ವಾರ ನಿಮಗ. ಪಾಳಿ ಮಾಡೋಣ."

ಮೇಡಂ ಪೆಟ್ಟಿಗೆಯ ವೈರು ಕಿತ್ತು, ನಿಧಾನವಾಗಿ ಕನ್ನಡಕ ಒರೆಸಿದರು.

"ಆಗ್ಲಿ. ಇದ ಪಾಳೀನ ನಮ್ಮಪ್ಪನೂ ಕೇಳಿದ್ದ. ಅವತ್ತು ಅವನ್ನ ಇದೇ ಕಟ್ಟಿ ಮ್ಯಾಲಿಂದ ಇಳಿಸಿ ಕಳ್ಸಿದ್ರಿ."